ವಿಚಿತ್ರ ಬಿಂದುಗಳ ಚರಿತ್ರೆ

ನಮ್ಮ ಮನೆಯ ನಡುಮನೆಯಲ್ಲಿ ಹಿರಿಯರ ಕಾಲದ ಉಯ್ಯಾಲೆಯೊಂದಿದೆ. ಹಬ್ಬಹರಿದಿನಗಳಲ್ಲಿ ನೆಂಟರಿಷ್ಟರು ಸೇರಿದಾಗ ಎಲೆ ಹಾಕಲು ಜಾಗ ಸಾಲದೆಂದು ಉಯ್ಯಾಲೆಯ ಮಣೆಯನ್ನು ಕಳಚಿ ಗೋಡೆಗೆ ಒರಗಿಸುವುದು ವಾಡಿಕೆ. ಆಗ ತೊಲೆಯಿಂದ ನಾಲ್ಕು ಹಿತ್ತಾಳೆಯ ಸರಪಣಿಗಳು ಬರಿದೆ ಇಳಿಬಿದ್ದಿರುತ್ತವೆ. ಮಕ್ಕಳಿಗೆ ಅವು ಆಟದ ಸಾಮಾನು. ಒಂದನ್ನು ಹಿಡಿದು ಅಲ್ಲಾಡಿಸಿ ಬಿಟ್ಟರೆ ಮೇಲಿನ ಕೊಂಡಿಗಳು ಕದಲಿಯೂ ಕದಲದಂತಿರುತ್ತವೆ. ಕೆಳಗಿಳಿದಂತೆಲ್ಲ ಓಲಾಟ ಹೆಚ್ಚುತ್ತದೆ. ಕಟ್ಟಕಡೆಯ ಕೊಂಡಿಯಂತೂ ಹುಚ್ಚೆದ್ದು ಕುಣಿಯುತ್ತದೆ.

ಬಹಳ ವರ್ಷಗಳ ಹಿಂದೆ ಅಂಥದೊಂದು ದಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಮಿತ್ರರೊಬ್ಬರು, ನಮ್ಮ ಕಾಲೇಜಿನಲ್ಲಿಯೇ ಗಣಿತದ ಅಧ್ಯಾಪಕರಾಗಿದ್ದವರು, ಆ ಕುಣಿತವನ್ನು ನೋಡುತ್ತ ನಿಂತುಬಿಟ್ಟರು. “ನೋಡಿ ಸ್ವಾಮಿ, ಈ ಸರಪಣಿಯ ಉದ್ದಕ್ಕೂ ಸರಿಯಾಗಿ ನಡೆಯುವ ಗಣಿತ ಆ ಕೊನೆಯ ತುದಿಯಲ್ಲಿ ಮುರಿದುಬೀಳುತ್ತದೆ. ಆದರೆ ಇದು ಹೇಗೆ ತೂಗಬೇಕೆಂಬ ತೀರ್ಮಾನ ಆಗುವುದೂ ಅಲ್ಲಿಯೇ” ಎಂದರು. ಇದೇನು, ಅಲ್ಲಮನ ಬೆಡಗಿನ ವಚನದ ಹಾಗಿದೆಯಲ್ಲ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಆ ಬೆಡಗನ್ನು ಒಡೆದು ಹೇಳಲು ಮುಂದೆ ಅನೇಕ ಸಂಜೆಗಳ ತಿರುಗಾಟವನ್ನು ನನಗಾಗಿ ವ್ಯಯಮಾಡಿದರು. ಇಂದು ನಾನು ನಿಮ್ಮ ಮುಂದೆ ಇಡಲಿರುವುದು ಅವರಿಂದ ಕಲಿತ ಪಾಠದ ಸಾರ.

ನಾನು ಕನ್ನಡ ಎಂ.ಎ. ಮಾಡಿ, ಸೇವೆಯ ಉದ್ದಕ್ಕೂ ಪಂಪ ಕುಮಾರವ್ಯಾಸರನ್ನು ಪಾಠ ಹೇಳಿ ನಿವೃತ್ತನಾದವನು. ಗಣಿತದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಒಂದು ವಿಚಾರ ಮನುಷ್ಯರ ಮನಸ್ಸಿನಲ್ಲಿ ಮೊಳೆತು ಬೆಳೆದ ಬಗೆಯನ್ನು ತಿಳಿಯುವ ಕುತೂಹಲಕ್ಕೆ ಅಧಿಕಾರಪತ್ರ ಬೇಕಿಲ್ಲವಷ್ಟೆ. ಬಾನುಲಿಯಲ್ಲಿ ಕಪ್ಪುಹಲಗೆ ಇಲ್ಲವಾದ್ದರಿಂದ ಸೂತ್ರಗಳ ಕಾಟವೂ ನಿಮಗಿಲ್ಲ.

ಮೊದಲು ಎರಡು ಮಾತು ಪೀಠಿಕೆಯಾಗಿ. ಅವಕಲ ಸಮೀಕರಣವೆಂದರೆ ಬದಲಾವಣೆಯ ನಿಯಮ. ದಾರಿ ಯಾವುದೆಂದು ನಮಗೆ ತಿಳಿಯದು. ಆದರೆ ದಾರಿಯ ಪ್ರತಿಯೊಂದು ಹೆಜ್ಜೆಯಲ್ಲಿಯೂ ಹೇಗೆ ತಿರುಗಬೇಕೆಂಬ ಕಟ್ಟಳೆ ತಿಳಿದಿದೆ. ಆ ಕಟ್ಟಳೆಯಿಂದ ಇಡೀ ದಾರಿಯನ್ನು ಕಂಡುಹಿಡಿಯಬೇಕು. ಕಟ್ಟಳೆಯು ದಾರಿಯ ಇಳಿಜಾರನ್ನು ಮಾತ್ರವಲ್ಲದೆ ಅದರ ಬಾಗನ್ನೂ, ಎಂದರೆ ಬದಲಾವಣೆಯ ಬದಲಾವಣೆಯನ್ನೂ ಒಳಗೊಂಡಿದ್ದರೆ ಅದು ದ್ವಿತೀಯ ದರ್ಜೆಯ ಸಮೀಕರಣ. ಬಲವು ವೇಗವನ್ನಲ್ಲ, ವೇಗದ ಬದಲಾವಣೆಯನ್ನು ನಿರ್ಧರಿಸುತ್ತದೆ ಎಂದು ನ್ಯೂಟನ್ ತೋರಿಸಿದ ಮೇಲೆ ತೂಗುವ, ಮಿಡಿಯುವ, ಸುತ್ತುವ ವಸ್ತುಗಳೆಲ್ಲ ಈ ದರ್ಜೆಯ ಸಮೀಕರಣಗಳ ಆಳ್ವಿಕೆಗೆ ಬಂದವು. ಎರಡು ಉತ್ತರಗಳನ್ನು ಕೂಡಿಸಿದರೆ ಬರುವುದೂ ಉತ್ತರವೇ ಆಗುವಂತಿದ್ದರೆ ಸಮೀಕರಣವನ್ನು ರೇಖೀಯವೆನ್ನುತ್ತಾರೆ. ಇಂಥ ಕಡೆ ಎರಡು ಮೂಲ ಉತ್ತರಗಳನ್ನು ತಿಳಿದರೆ ಸಾಕು, ಉಳಿದವೆಲ್ಲ ಅವೆರಡರ ಬೆರಕೆ. ಸಾಮಾನ್ಯವಾದ ಎಡೆಯಲ್ಲಿ ನಿಂತು ಎತ್ತರವನ್ನೂ ಇಳಿಜಾರನ್ನೂ ನಿಮ್ಮ ಇಷ್ಟದಂತೆ ಆರಿಸಿಕೊಳ್ಳಿ. ಮುಂದಿನದನ್ನೆಲ್ಲ ಸಮೀಕರಣವೇ ಹೇಳುತ್ತದೆ.

ಈಗ ಸರಪಣಿಗೆ ಬರೋಣ. ಇದನ್ನು ಮೊದಲು ಲೆಕ್ಕಕ್ಕೆ ತಂದವನು ಡೇನಿಯಲ್ ಬರ್ನೂಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಸಿದ್ಧ ಗಣಿತಜ್ಞರ ಮನೆತನದವನಾದ ಈತ 1725ರಿಂದ 1733ರವರೆಗೆ ರಷ್ಯದ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿದ್ದ. ಅಲ್ಲಿ ಕೈಗೊಂಡ ತೂಗುಸರಪಣಿಯ ಅಧ್ಯಯನ 1738ರಲ್ಲಿ ಅಚ್ಚಾಯಿತು. ಸರಪಣಿಯ ಯಾವುದೇ ಕೊಂಡಿಯ ಮೇಲೆ ಬೀಳುವ ಎಳೆತ ಅದರ ಕೆಳಗಿರುವ ಭಾಗದ ತೂಕಕ್ಕೆ ಸಮ. ಮೇಲಿನ ಕೊಂಡಿ ಇಡೀ ಸರಪಣಿಯನ್ನು ಹೊರುತ್ತದೆ, ಆದ್ದರಿಂದಲೇ ಗಂಭೀರ. ಕೊನೆಯ ತುದಿ ಏನನ್ನೂ ಹೊರುವುದಿಲ್ಲ. ಅಲ್ಲಿ ಎಳೆತ ಸೊನ್ನೆ. ಸಮೀಕರಣದಲ್ಲಿ ಬಾಗನ್ನು ಗುಣಿಸುವ ಅಂಶ ಈ ಎಳೆತವೇ. ಬಾಗು ಎಷ್ಟೆಂದು ತಿಳಿಯಬೇಕಾದರೆ ಎಳೆತದಿಂದ ಭಾಗಿಸಬೇಕು. ತುದಿಯಲ್ಲಿ ಹಾಗೆ ಮಾಡಹೊರಟರೆ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ.

ಸೊನ್ನೆಯಿಂದ ಭಾಗಿಸುವ ತೊಡಕು ನಮ್ಮವರಿಗೆ ಹೊಸದಲ್ಲ. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯರು ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದರು, 12ನೆಯ ಶತಮಾನದ ಭಾಸ್ಕರಾಚಾರ್ಯರು ಅದನ್ನು ಅನಂತವೆಂದು ಬಗೆದರು. ಎರಡರಲ್ಲಿ ಯಾವುದೂ ಇಂದಿನ ಗಣಿತ ಒಪ್ಪುವ ಉತ್ತರವಲ್ಲ. ಆದರೆ ಅಲ್ಲೊಂದು ಪ್ರಶ್ನೆಯಿದೆ ಎಂದು ಕಂಡು ಅದರ ಮುಂದೆ ನಿಂತದ್ದು ಸಣ್ಣ ಮಾತಲ್ಲ.

ಬರ್ನೂಲಿಯ ಸರಪಣಿಯ ತುದಿಯಲ್ಲಿ ಆಗುವುದೇನು? ಎತ್ತರ ಇಳಿಜಾರುಗಳೆರಡನ್ನೂ ಇಷ್ಟದಂತೆ ಆರಿಸುವ ಸ್ವಾತಂತ್ರ್ಯ ಅಲ್ಲಿ ಇಲ್ಲವಾಗುತ್ತದೆ. ತುದಿ ಎಷ್ಟು ದೂರ ಸರಿದಿದೆ ಎಂಬುದನ್ನು ಆರಿಸಿದೊಡನೆ ಅದರ ಓರೆ ಎಷ್ಟಿರಬೇಕೆಂಬುದು ತಾನೇ ನಿಶ್ಚಿತವಾಗಿಬಿಡುತ್ತದೆ. ಎರಡು ಮೂಲ ಉತ್ತರಗಳಲ್ಲಿ ಒಂದು ಮಾತ್ರ ಅಲ್ಲಿ ಸೌಮ್ಯವಾಗಿದೆ. ಅದನ್ನು ಬರ್ನೂಲಿ ಕೊನೆಯಿಲ್ಲದ ಶ್ರೇಣಿಯಾಗಿ ಬರೆದ. ಅದರಲ್ಲಿ ಬರುವ ಭಾಜಕಗಳು 1, 4, 36, 576 ಎಂದು ಸಾಗುತ್ತವೆ. 1, 2, 6, 24 ಎಂಬ ಸಂಖ್ಯೆಗಳ ವರ್ಗಗಳಿವು. ಆ ಸಂಖ್ಯೆಗಳಾದರೋ 1, ಒಂದೆರಡಲ, ಒಂದೆರಡು ಮೂರಲ ಎಂದು ಗುಣಿಸುತ್ತ ಹೋದಾಗ ದೊರೆಯುವಂಥವು. ಇನ್ನೊಂದು ಉತ್ತರದಲ್ಲಿ ಲಘುಗಣಕ, ಎಂದರೆ ನೀವು ಶಾಲೆಯಲ್ಲಿ ಲಾಗರಿತಮ್ ಎಂದು ಕಲಿತದ್ದು, ಸೇರಿಕೊಂಡಿದೆ; ಅದು ತುದಿಯತ್ತ ಬಂದಂತೆ ಅನಂತಕ್ಕೆ ಹಾರುತ್ತದೆ. ಹಿತ್ತಾಳೆಯ ಸರಪಣಿ ಅನಂತಕ್ಕೆ ಹಾರಲಾರದು, ಆದ್ದರಿಂದ ಸೌಮ್ಯವಾದುದನ್ನೇ ಆರಿಸಿಕೊಳ್ಳುತ್ತದೆ. ಹೀಗೆ ತುದಿಯಲ್ಲಿ ಆರಿಸಿದ ಉತ್ತರವು ಮೇಲೆ ತೊಲೆಯ ಬಳಿ ಸೊನ್ನೆಯಾಗಬೇಕು, ಏಕೆಂದರೆ ಅಲ್ಲಿ ಸರಪಣಿಯನ್ನು ಬಿಗಿದಿದೆ. ಈ ಎರಡು ಕಟ್ಟುಗಳ ನಡುವೆ ಸರಪಣಿ ಕೆಲವೇ ನಿರ್ದಿಷ್ಟ ಲಯಗಳಲ್ಲಿ ತೂಗಬಲ್ಲುದು. ಅವುಗಳಲ್ಲಿ ತೀರ ನಿಧಾನವಾದ ಲಯವು ಸರಪಣಿಯ ಉದ್ದದ ಸುಮಾರು 0.69ರಷ್ಟು ಉದ್ದವುಳ್ಳ ಸರಳ ಲೋಲಕದ ಲಯಕ್ಕೆ ಸಮ. ನನ್ನ ಮಿತ್ರರ ಬೆಡಗಿನ ಮಾತಿಗೆ ಇದೇ ಅರ್ಥ.

ಇಂಥ ಎಡೆಗೆ ಇಂಗ್ಲಿಷಿನ ಪುಸ್ತಕಗಳು ‘ಸಿಂಗ್ಯುಲರ್ ಪಾಯಿಂಟ್’ ಎಂಬ ಹೆಸರು ಕೊಟ್ಟಿವೆ. ಮಿತ್ರರು ಅದನ್ನು ‘ವಿಚಿತ್ರ ಬಿಂದು’ ಎನ್ನುತ್ತಿದ್ದರು. ಭಾಷೆಯ ಅಧ್ಯಾಪಕನಾದ ನನಗೆ ಆ ಹೆಸರು ಹಿಡಿಸಿತು. ಆಡುಮಾತಿನಲ್ಲಿ ವಿಚಿತ್ರವೆಂದರೆ ವಿಲಕ್ಷಣ, ರೂಢಿಗೆ ಹೊರತಾದದ್ದು. ಹಳೆಯ ಕಾವ್ಯಗಳಲ್ಲಾದರೆ ಬಗೆಬಗೆಯ ಬಣ್ಣಗಳುಳ್ಳದ್ದು, ಬೆರಗು ಹುಟ್ಟಿಸುವಂಥದು. ಮುಂದಿನ ಚರಿತ್ರೆ ಈ ಮೊದಲನೆಯ ಅರ್ಥದಿಂದ ಎರಡನೆಯದಕ್ಕೆ ನಡೆದ ಪಯಣವೇ ಆಗಿದೆ.

ಬಾಸೆಲಿನವನೇ ಆದ ಆಯ್ಲರ್ 1760ರ ದಶಕದಲ್ಲಿ ದುಂಡಗಿನ ಚರ್ಮವಾದ್ಯದ ಕಂಪನವನ್ನು ಪರಿಶೀಲಿಸಿದ. ಅಲ್ಲಿ ವಾದ್ಯದ ನಟ್ಟನಡುವೆಯೇ ವಿಚಿತ್ರ ಬಿಂದು. ಬಂದ ಶ್ರೇಣಿಗಳಲ್ಲಿ ಒಂದು, ತುಸು ವೇಷ ಬದಲಿಸಿದ ಬರ್ನೂಲಿಯ ಶ್ರೇಣಿಯೇ. 1824ರಲ್ಲಿ ಕೋನಿಗ್ಸ್‌ಬರ್ಗ್‌ನ ಖಗೋಲಜ್ಞ ಬೆಸೆಲ್ ಗ್ರಹಗಳ ಚಲನೆಯ ಲೆಕ್ಕ ಮಾಡುವಾಗ ಮತ್ತೆ ಅದೇ ಎದುರಾಯಿತು. ಈತ ಚಿಕ್ಕಂದಿನಲ್ಲಿ ಬ್ರೆಮೆನ್ನಿನ ವ್ಯಾಪಾರದ ಕೋಠಿಯೊಂದರಲ್ಲಿ ಕೆಲಸ ಕಲಿಯಲು ಸೇರಿದ್ದವನು. ಸ್ವಂತ ಓದಿನಿಂದ ಖಗೋಲಜ್ಞನಾದವನು. ಅವನು ಅವುಗಳನ್ನು ವ್ಯವಸ್ಥಿತವಾಗಿ ಅಭ್ಯಾಸಮಾಡಿದ್ದರಿಂದ ಅವಕ್ಕೆ ಅವನ ಹೆಸರೇ ನಿಂತಿತು. ನೇತಾಡುವ ಸರಪಣಿ, ಮಿಡಿಯುವ ಚರ್ಮ, ಸುತ್ತುವ ಗ್ರಹ, ಈ ಮೂರರಲ್ಲಿಯೂ ಒಂದೇ ಶ್ರೇಣಿ. ಆದರೂ ಅಂದಿನವರ ದೃಷ್ಟಿಯಲ್ಲಿ ಪ್ರತಿಯೊಂದು ಸಮೀಕರಣವೂ ಒಂದು ಬಿಡಿ ಪ್ರಕರಣ. ಪ್ರತಿಯೊಂದಕ್ಕೂ ಒಂದು ಬಿಡಿ ಉಪಾಯ. ವಿಚಿತ್ರ ಬಿಂದು ದಾರಿಯಲ್ಲಿ ಎಡವುವ ಕಲ್ಲು. ಹೇಗೋ ಬದಿಗೆ ಸರಿದು ದಾಟಿದರಾಯಿತು.

ಆ ಕಲ್ಲನ್ನು ಎತ್ತಿ ನೋಡುವ ಕೆಲಸಕ್ಕೆ ಅಡಿಪಾಯ ಹಾಕಿದವನು ಗೌಸ್. 1812ರಲ್ಲಿ ಅವನು ಗಟಿಂಗೆನ್ನಿನ ವಿದ್ವತ್ಸಭೆಯ ಮುಂದೆ ಒಂದು ಶ್ರೇಣಿಯ ಕುರಿತು ಪ್ರಬಂಧವನ್ನು ಮಂಡಿಸಿದ. ಅದರ ಮೂರು ಅಚಲಗಳಿಗೆ ಬೇರೆ ಬೇರೆ ಬೆಲೆಗಳನ್ನು ಕೊಟ್ಟರೆ ಲಘುಗಣಕ ಮೊದಲಾದ ಹಳೆಯ ಪರಿಚಿತರು ಅನೇಕರು ಆ ಒಂದೇ ಶ್ರೇಣಿಯಿಂದ ಹೊರಬರುತ್ತಾರೆ. ಈ ಶ್ರೇಣಿಗೊಂದು ದ್ವಿತೀಯ ದರ್ಜೆಯ ರೇಖೀಯ ಸಮೀಕರಣವಿದೆ. ಅದಕ್ಕೆ ಮೂರೇ ವಿಚಿತ್ರ ಬಿಂದುಗಳು: 0, 1 ಮತ್ತು ಅನಂತ. ಅನಂತವೂ ಒಂದು ಬಿಂದುವೇ ಎಂದು ಗಣಿತಜ್ಞರು ಭಾವಿಸುತ್ತಾರೆ. ಸಮೀಕರಣವನ್ನು ಕುರಿತ ಪ್ರಬಂಧದ ಎರಡನೆಯ ಭಾಗ ಮಾತ್ರ 1855ರಲ್ಲಿ ಅವನು ತೀರಿಕೊಂಡ ಮೇಲಷ್ಟೇ ಬೆಳಕು ಕಂಡಿತು. ಈ ನಡುವೆ, 1836ರಲ್ಲಿ, ಲೀಗ್ನಿಟ್ಸ್ ಎಂಬ ಊರಿನ ಪ್ರೌಢಶಾಲೆಯ ಉಪಾಧ್ಯಾಯನಾಗಿದ್ದ ಕುಮ್ಮರ್ ಅದೇ ಸಮೀಕರಣದ ಉತ್ತರವನ್ನು 24 ರೂಪಗಳಲ್ಲಿ ಬರೆಯಬಹುದೆಂದು ತೋರಿಸಿದ್ದ. ‘ಶಾಲೆಯ ಉಪಾಧ್ಯಾಯ’ ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಈ ಕತೆಯಲ್ಲಿ ಅದು ಮತ್ತೆ ಮತ್ತೆ ಬರಲಿದೆ.

ಗೌಸನ ಗಟಿಂಗೆನ್ನಿನಲ್ಲಿಯೇ ಇದ್ದ ರೀಮಾನ್ 1857ರಲ್ಲಿ ಇಡೀ ವಿಷಯವನ್ನು ತಲೆಕೆಳಗು ಮಾಡಿದ. ಹಳ್ಳಿಯ ಪಾದ್ರಿಯ ಮಗ, ಸಂಕೋಚದ ಸ್ವಭಾವ, ದುರ್ಬಲ ದೇಹ, ಆಗಿನ್ನೂ ಮೂವತ್ತರ ಹರೆಯ. ಅವನ ವಿಚಾರವನ್ನು ಅರಿಯಲು ಒಂದು ದೇವಾಲಯವನ್ನು ಊಹಿಸಿಕೊಳ್ಳಿ. ಗರ್ಭಗುಡಿಯೊಳಗೆ ಪ್ರವೇಶವಿಲ್ಲ, ಸುತ್ತ ಪ್ರದಕ್ಷಿಣೆ ಬರಬಹುದು. ವಿಚಿತ್ರ ಬಿಂದು ಅಂಥ ಗರ್ಭಗುಡಿ. ಅದರ ಮೇಲೆ ಕಾಲಿಡಲಾಗದು, ಸುತ್ತಬಹುದು. ಸುತ್ತಿ ಹೊರಟ ಜಾಗಕ್ಕೆ ಮರಳಿದಾಗ ಉತ್ತರ ಮೊದಲಿನಂತೆಯೇ ಇರುತ್ತದೆಯೇ? ಇರಬೇಕೆಂದೇನೂ ಇಲ್ಲ. ವರ್ಗಮೂಲವನ್ನು ಹಿಡಿದು ಸೊನ್ನೆಯನ್ನು ಒಂದು ಸುತ್ತು ಬಂದರೆ ಧನವಾಗಿದ್ದದ್ದು ಋಣವಾಗಿರುತ್ತದೆ. ಎರಡನೆಯ ಸುತ್ತಿನಲ್ಲಿ ಮತ್ತೆ ಧನ. ಲಘುಗಣಕವಾದರೆ ಮಿನಾರಿನ ಒಳಗಿನ ಸುತ್ತು ಮೆಟ್ಟಿಲಿನಂತೆ, ಪ್ರತಿ ಸುತ್ತಿಗೂ ಒಂದು ಅಂತಸ್ತು ಏರುತ್ತಲೇ ಹೋಗುತ್ತದೆ. ರೀಮಾನ್ ಕಂಡುಕೊಂಡದ್ದು ಇಷ್ಟು: ಮೂರು ವಿಚಿತ್ರ ಬಿಂದುಗಳು ಎಲ್ಲಿವೆ, ಪ್ರತಿಯೊಂದರ ಬಳಿ ಎರಡು ಉತ್ತರಗಳು ಯಾವ ಯಾವ ಘಾತದಂತೆ ವರ್ತಿಸುತ್ತವೆ ಎಂದು ಹೇಳಿದರೆ ಸಾಕು. ಆ ಆರು ಘಾತಗಳ ಮೊತ್ತ 1 ಆಗಿದ್ದರೆ ಮಿಕ್ಕದ್ದೆಲ್ಲ ನಿಶ್ಚಿತ. ಶ್ರೇಣಿಯನ್ನು ಮೊದಲೇ ಬರೆಯಬೇಕಿಲ್ಲ, ಸಮೀಕರಣವನ್ನು ಕೂಡ ಹೇಳಬೇಕಿಲ್ಲ. ಎಡವುವ ಕಲ್ಲೆಂದು ಬಗೆದದ್ದು ಕಟ್ಟಡವನ್ನೇ ಹೊತ್ತ ಕಂಬವೆಂದು ಗೊತ್ತಾಯಿತು.

ರೀಮಾನನ ಮಾತು ಮೂರು ಬಿಂದುಗಳ ಒಂದು ಸಮೀಕರಣಕ್ಕೆ. ಎಲ್ಲ ರೇಖೀಯ ಸಮೀಕರಣಗಳಿಗೂ ಅನ್ವಯಿಸುವ ಸಿದ್ಧಾಂತವನ್ನು ಕಟ್ಟಿದವನು ಲಾಜರಸ್ ಫುಕ್ಸ್. 1833ರಲ್ಲಿ ಪೋಜೆನ್ ಪ್ರಾಂತದ ಮೋಷಿನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಈತ ಬರ್ಲಿನ್ನಿನಲ್ಲಿ ಓದಿ 1858ರಲ್ಲಿ ಡಾಕ್ಟರೇಟ್ ಪಡೆದ. ಆಮೇಲೆ ಅವನ ಪಾಲಿಗೆ ಬಂದದ್ದು ಶಾಲಾಮಾಸ್ತರಿಕೆ. ಬರ್ಲಿನ್ನಿನ ವೃತ್ತಿಶಾಲೆಯೊಂದರಲ್ಲಿ ಹುಡುಗರಿಗೆ ಪಾಠ ಹೇಳುತ್ತ, ಮಿಕ್ಕ ಹೊತ್ತಿನಲ್ಲಿ ವಯರ್‌ಸ್ಟ್ರಾಸನ ಉಪನ್ಯಾಸಗಳಿಂದ ಪ್ರೇರಿತನಾಗಿ ತನ್ನ ವಿಚಾರವನ್ನು ಬೆಳೆಸಿದ. ಆ ವಯರ್‌ಸ್ಟ್ರಾಸನಾದರೂ ಹಲವು ವರ್ಷ ಸಣ್ಣ ಊರುಗಳ ಶಾಲೆಗಳಲ್ಲಿ ಕಲಿಸಿ, ನಲವತ್ತು ದಾಟಿದ ಮೇಲೆ, 1856ರಲ್ಲಿ, ಬರ್ಲಿನ್ನಿಗೆ ಬಂದವನು.

ಆಗಿನ ಜರ್ಮನ್ ಶಾಲೆಗಳಲ್ಲಿ ಒಂದು ಪದ್ಧತಿಯಿತ್ತು. ಶಾಲೆಯ ವಾರ್ಷಿಕ ವರದಿಯೊಡನೆ ಅಲ್ಲಿಯ ಉಪಾಧ್ಯಾಯರೊಬ್ಬರ ವಿದ್ವತ್ಪ್ರಬಂಧವನ್ನೂ ಅಚ್ಚುಮಾಡುತ್ತಿದ್ದರು. 1865ರ ವರದಿಯಲ್ಲಿ ಬಂದದ್ದು ಫುಕ್ಸ್‌ನ ಪ್ರಬಂಧ. ರೀಮಾನ್ ಇಟಲಿಯ ಸರೋವರವೊಂದರ ದಡದಲ್ಲಿ 39ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ 1866ರಲ್ಲಿಯೇ, ಅದರ ವಿಸ್ತೃತ ರೂಪ ಪ್ರಖ್ಯಾತವಾದ ‘ಕ್ರೆಲೆಯ ಪತ್ರಿಕೆ’ಯಲ್ಲಿ ಬೆಳಕು ಕಂಡಿತು. ವಿಚಿತ್ರ ಬಿಂದುಗಳ ಆಧುನಿಕ ಸಿದ್ಧಾಂತ ಮೊದಲು ಅಚ್ಚಾದದ್ದು ಹೀಗೆ, ಒಂದು ವೃತ್ತಿಶಾಲೆಯ ವಾರ್ಷಿಕ ವರದಿಯಲ್ಲಿ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ನಾನು ಒಂದು ಕಾಲೇಜಿನ ವಾರ್ಷಿಕ ಸಂಚಿಕೆಗೆ ಸಂಪಾದಕನಾಗಿದ್ದಾಗ, ಆರಂಭದಲ್ಲಿ ಹೇಳಿದ ಆ ಗಣಿತದ ಮಿತ್ರರು ಇದೇ ವಿಷಯವನ್ನು ಕುರಿತು ಕನ್ನಡದಲ್ಲಿ ಬರೆದ ಹನ್ನೆರಡು ಪುಟಗಳ ಲೇಖನವನ್ನು ನನ್ನ ಕೈಗೆ ಕೊಟ್ಟರು. ದುಂಡಗಿನ ಅಕ್ಷರ, ಒಂದು ಚಿತ್ತೂ ಇರಲಿಲ್ಲ. “ಇದನ್ನು ಓದುವವರು ಯಾರಿದ್ದಾರೆ ಸಾರ್?” ಎಂದು ನಾನು ಮೃದುವಾಗಿಯೇ ಹಿಂತಿರುಗಿಸಿದೆ. ಆ ಪುಟಗಳಲ್ಲಿ ಆಟೋಟದ ಬಹುಮಾನಗಳ ಪಟ್ಟಿ ಅಚ್ಚಾಯಿತು. ಅವರು ಏನೂ ಅನ್ನಲಿಲ್ಲ; ಸಂಜೆಯ ತಿರುಗಾಟವೂ ನಿಲ್ಲಲಿಲ್ಲ. ಫುಕ್ಸ್‌ನ ಶಾಲಾವರದಿಯ ಸಂಗತಿಯನ್ನು ಅವರು ನನಗೆ ಹೇಳಿದ್ದು ಅದಾಗಿ ಬಹುಕಾಲದ ಮೇಲೆ. ಚುಚ್ಚಲೆಂದು ಹೇಳಿದ್ದಲ್ಲ; ಆದರೂ ನನಗೆ ಚುಚ್ಚಿತು. ಈಗ ಅವರಿಲ್ಲ. ಆ ಲೇಖನವೂ ಎಲ್ಲಿ ಹೋಯಿತೋ ತಿಳಿಯದು.

ಫುಕ್ಸ್ ಸಾಧಿಸಿದ್ದೇನು? ರೇಖೀಯ ಸಮೀಕರಣದ ಉತ್ತರಗಳು ಎಲ್ಲೆಲ್ಲಿ ಕೆಡಬಹುದೆಂಬುದನ್ನು ಉತ್ತರವನ್ನು ಕಂಡುಹಿಡಿಯುವ ಮೊದಲೇ, ಸಮೀಕರಣದ ಮುಖ ನೋಡಿಯೇ ಹೇಳಬಹುದೆಂದು ತೋರಿಸಿದ. ಅಷ್ಟೇ ಅಲ್ಲ, ಕೆಡುವುದರಲ್ಲಿಯೂ ಎರಡು ಜಾತಿ. ಮಿತ್ರರು ಇವನ್ನು ದೇವತಾಮೂರ್ತಿಗಳಂತೆ ಸೌಮ್ಯ, ಉಗ್ರ ಎಂದು ವಿಂಗಡಿಸುತ್ತಿದ್ದರು. ಸಮೀಕರಣದಲ್ಲಿ ಬಾಗನ್ನು ಒಂಟಿಯಾಗಿ ಒಂದು ಕಡೆ ನಿಲ್ಲಿಸಿದಾಗ, ಇಳಿಜಾರಿನ ಗುಣಾಂಕವು ಬಿಂದುವಿನಿಂದ ಇರುವ ದೂರದ ವಿಲೋಮಕ್ಕಿಂತ ವೇಗವಾಗಿ ಬೆಳೆಯಬಾರದು. ಎತ್ತರದ ಗುಣಾಂಕವು ಆ ದೂರದ ವರ್ಗದ ವಿಲೋಮಕ್ಕಿಂತ ವೇಗವಾಗಿ ಬೆಳೆಯಬಾರದು. ಈ ಗಡಿಯೊಳಗಿದ್ದರೆ ಬಿಂದು ಸೌಮ್ಯ, ಮೀರಿದರೆ ಉಗ್ರ. ಸೌಮ್ಯ ಬಿಂದುವಿನ ಬಳಿ ಉತ್ತರಗಳು ದೂರದ ಯಾವುದಾದರೊಂದು ಘಾತ, ಒಂದು ಸಾಮಾನ್ಯ ಶ್ರೇಣಿ, ಅಗತ್ಯ ಬಿದ್ದರೆ ಒಂದು ಲಘುಗಣಕ, ಇಷ್ಟರಿಂದಲೇ ಕೂಡಿರುತ್ತವೆ. ಸರಪಣಿಯ ತುದಿಯೂ ಚರ್ಮವಾದ್ಯದ ನಡುವೂ ಗೌಸನ ಮೂರು ಬಿಂದುಗಳೂ ಸೌಮ್ಯಗಣಕ್ಕೆ ಸೇರಿದವು. ನೂರು ವರ್ಷಗಳ ಬಿಡಿ ಉಪಾಯಗಳು ಒಂದೇ ಸೂತ್ರದಲ್ಲಿ ಪೋಣಿಸಿಕೊಂಡವು.

ಫುಕ್ಸ್‌ನ ದಾರಿ ಸರಿಯಾದದ್ದು, ಆದರೆ ಸುತ್ತುಬಳಸಿನದು. ಅದನ್ನು ನೇರಗೊಳಿಸಿದವನು ಫ್ರೊಬೇನಿಯಸ್. ಬರ್ಲಿನ್ನಿನ ಬಳಿಯ ಷಾರ್ಲೊಟೆನ್‌ಬರ್ಗ್‌ನಲ್ಲಿ 1849ರಲ್ಲಿ ಹುಟ್ಟಿ, 1870ರಲ್ಲಿ ಡಾಕ್ಟರೇಟ್ ಪಡೆದು, ಇವನೂ ಶಾಲೆಗಳಲ್ಲಿಯೇ ಕಲಿಸುತ್ತಿದ್ದ. 1873ರಲ್ಲಿ ಪ್ರಕಟವಾದ ಅವನ ಪ್ರಬಂಧದ ವಿಧಾನವೇ ಇಂದು ಪದವಿ ತರಗತಿಗಳಲ್ಲಿ ಅವನ ಹೆಸರಿನಿಂದ ನಡೆಯುವ ಪಾಠ. ಉತ್ತರವು ದೂರದ ಯಾವುದೋ ಒಂದು ಘಾತದಿಂದ ಮೊದಲಾಗುತ್ತದೆ ಎಂದು ಇಟ್ಟುಕೊಳ್ಳಿ. ಯಾವ ಘಾತವೆಂದು ಈಗಲೇ ಹೇಳಬೇಡಿ. ಸಮೀಕರಣದಲ್ಲಿ ಅದನ್ನು ಇಟ್ಟು ನೋಡಿದರೆ ಮೊದಲ ಪದವೇ ಆ ಘಾತಕ್ಕೆ ಒಂದು ವರ್ಗ ಸಮೀಕರಣವನ್ನು ಕೊಡುತ್ತದೆ. ಹೈಸ್ಕೂಲಿನ ಹುಡುಗ ಬಿಡಿಸಬಲ್ಲಂಥದು. ಅದರ ಎರಡು ಮೂಲಗಳು ಎರಡು ಉತ್ತರಗಳಿಗೆ ಬಾಗಿಲು. ಇಷ್ಟನ್ನು ಆಯ್ಲರನೂ ಬಲ್ಲವನಾಗಿದ್ದ. ತೊಡಕು ಬರುವುದು ಎರಡು ಮೂಲಗಳು ಒಂದೇ ಆದಾಗ, ಇಲ್ಲವೆ ಅವುಗಳ ಅಂತರ ಪೂರ್ಣಾಂಕವಾದಾಗ. ಸರಪಣಿಯಲ್ಲಿ ಎರಡೂ ಸೊನ್ನೆಯೇ. ಬಾಗಿಲು ಒಂದೇ, ಹೋಗಬೇಕಾದವರು ಇಬ್ಬರು. ಆಗ ಫ್ರೊಬೇನಿಯಸ್ ಮಾಡಿದ್ದೇನೆಂದರೆ, ಘಾತಕ್ಕೆ ಬೆಲೆಯನ್ನು ಕೊಡುವ ಆತುರವನ್ನು ತಡೆದ. ಅದನ್ನು ಸ್ವತಂತ್ರವಾಗಿ ಬಿಟ್ಟು ಶ್ರೇಣಿಯನ್ನೆಲ್ಲ ಕಟ್ಟಿದ. ಆಮೇಲೆ ಘಾತವನ್ನು ಕೊಂಚ ಸರಿಸಿದರೆ ಶ್ರೇಣಿ ಹೇಗೆ ಬದಲಾಗುತ್ತದೆ ಎಂದು ನೋಡಿದ. ಆ ಬದಲಾವಣೆಯ ಪ್ರಮಾಣವೇ ಕಾಣೆಯಾಗಿದ್ದ ಎರಡನೆಯ ಉತ್ತರ. ಲಘುಗಣಕ ಅದರೊಳಗೆ ತಾನಾಗಿಯೇ ಬಂದು ಕುಳಿತಿರುತ್ತದೆ. ಆಗ ಅವನಿಗೆ ಇಪ್ಪತ್ನಾಲ್ಕು ವರ್ಷ ತುಂಬಿತ್ತೋ ಇಲ್ಲವೋ. ಮರುವರ್ಷ ವಿಶ್ವವಿದ್ಯಾನಿಲಯ ಅವನನ್ನು ಕರೆದುಕೊಂಡಿತು.

ಫುಕ್ಸ್‌ನ ಪ್ರಬಂಧಗಳು ಗಡಿ ದಾಟಿ ಫ್ರಾನ್ಸಿನ ಕಾನ್ ನಗರದಲ್ಲಿದ್ದ ತರುಣ ಪ್ವಾಂಕರೆಯ ಕೈಸೇರಿದವು. 1880ರ ಮೇ ತಿಂಗಳಿನಲ್ಲಿ ಆತ ಫುಕ್ಸ್‌ಗೆ ಪತ್ರ ಬರೆದು ಸಂದೇಹಗಳನ್ನು ಕೇಳಿದ. ಆ ಪ್ರಶ್ನೆಗಳಿಂದ ಮುಂದೆ ತಾನೇ ಕಂಡ ಹೊಸ ಉತ್ಪನ್ನಗಳಿಗೆ ಫುಕ್ಸ್‌ನ ಹೆಸರನ್ನಿಟ್ಟ. ಜರ್ಮನಿಯ ಕ್ಲೈನ್ ಇದಕ್ಕೆ ಆಕ್ಷೇಪವೆತ್ತಿದ. ಆ ಉತ್ಪನ್ನಗಳ ಮೇಲೆ ಫುಕ್ಸ್ ಏನನ್ನೂ ಪ್ರಕಟಿಸಿಲ್ಲವೆಂಬುದು ಅವನ ವಾದ. ಪ್ವಾಂಕರೆ ಹೆಸರನ್ನು ಬದಲಿಸಲಿಲ್ಲ. ಇನ್ನೊಂದು ಬಗೆಯ ಉತ್ಪನ್ನಗಳಿಗೆ ಕ್ಲೈನನ ಹೆಸರನ್ನಿಟ್ಟ. ತನಗೆ ದಾರಿ ತೆರೆದವನ ಹೆಸರನ್ನು ತನ್ನ ಕೃತಿಗೆ ಇಡುವ ಸೌಜನ್ಯ ಎಲ್ಲ ಕಾಲದಲ್ಲಿಯೂ ಅಪರೂಪವೇ.

ಉಗ್ರ ಬಿಂದುಗಳ ಮಾತು ಉಳಿದಿದೆ. ಇವುಗಳ ಕತೆ ಕಾಮನಬಿಲ್ಲಿನಿಂದ ಮೊದಲಾಗುತ್ತದೆ. ಮುಖ್ಯ ಬಿಲ್ಲಿನ ಒಳಬದಿಯಲ್ಲಿ ಕೆಲವೊಮ್ಮೆ ತೆಳುವಾದ ಬಣ್ಣದ ಎಳೆಗಳು ಕಾಣುವುದನ್ನು ನೀವು ಗಮನಿಸಿರಬಹುದು. ಇಂಥ ಬೆಳಕಿನ ಲೆಕ್ಕಕ್ಕಾಗಿ ಇಂಗ್ಲೆಂಡಿನ ರಾಜಖಗೋಲಜ್ಞ ಏರಿ 1838ರಲ್ಲಿ ಒಂದು ಉತ್ಪನ್ನವನ್ನು ಕಂಡುಹಿಡಿದ. ಅದರ ಸಮೀಕರಣಕ್ಕೆ ವಿಚಿತ್ರ ಬಿಂದು ಒಂದೇ, ಅದೂ ಅನಂತದಲ್ಲಿ. ಮತ್ತು ಅದು ಉಗ್ರ. ಸಾಮಾನ್ಯ ಶ್ರೇಣಿಯಿಂದ ಲೆಕ್ಕ ಮಾಡಹೋದರೆ ಮೊದಲ ಎರಡು ಕಪ್ಪು ಪಟ್ಟಿಗಳಿಗೇ ಸುಸ್ತಾಗುತ್ತಿತ್ತು. 1850ರಲ್ಲಿ ಕೇಂಬ್ರಿಜ್ಜಿನ ಸ್ಟೋಕ್ಸ್ ಅನಂತದ ಬಳಿಯಿಂದ ಹೊರಡುವ ಬೇರೊಂದು ಶ್ರೇಣಿಯನ್ನು ಹಿಡಿದು 50 ಪಟ್ಟಿಗಳ ಸ್ಥಾನವನ್ನು ಗುಣಿಸಿದ. ಆ ಶ್ರೇಣಿಯಾದರೋ ವಿಲಕ್ಷಣವಾದದ್ದು. ಅದರ ಪದಗಳು ಮೊದಮೊದಲು ಕಿರಿದಾಗುತ್ತ ಹೋಗಿ, ಆಮೇಲೆ ಹಿಗ್ಗುತ್ತ, ಎಲ್ಲವನ್ನೂ ಕೂಡಿಸಿದರೆ ಅರ್ಥವೇ ಇಲ್ಲದಂತಾಗುತ್ತದೆ. ಆದರೆ ತೀರ ಕಿರಿದಾದ ಪದದ ಬಳಿ ನಿಲ್ಲಿಸುವ ವಿವೇಕವಿದ್ದರೆ ಬೆರಗಾಗುವಷ್ಟು ನಿಖರವಾದ ಉತ್ತರ! ದಿಕ್ಕು ಬದಲಿಸಿ ಬಂದರೆ ಅದೇ ಉತ್ತರಕ್ಕೆ ಬೇರೆ ಶ್ರೇಣಿ ಏಕೆ ಬೇಕಾಗುತ್ತದೆ ಎಂಬ ಒಗಟು 1857ರವರೆಗೂ ಅವನನ್ನು ಕಾಡಿತು. ಮದುವೆ ನಿಶ್ಚಯವಾಗಿದ್ದ ಹುಡುಗಿಗೆ ಬರೆದ ಪತ್ರದಲ್ಲಿ, ನಡುರಾತ್ರಿ ಮೂರು ಗಂಟೆಯವರೆಗೆ ಇದರೊಡನೆ ಗುದ್ದಾಡಿದೆನೆಂದೂ, ಮದುವೆಯಾದ ಮೇಲೆ ನೀನು ಹೀಗೆ ಕೂರಲು ಬಿಡಲಾರೆಯೆಂದೂ ಅವನು ಹಾಸ್ಯ ಮಾಡಿದ್ದಾನೆ. ಕೂಡದ ಶ್ರೇಣಿಗಳ ಈ ಉಪಯೋಗಕ್ಕೆ 1886ರಲ್ಲಿ ಭದ್ರವಾದ ಅರ್ಥ ಕೊಟ್ಟವನು ಅದೇ ಪ್ವಾಂಕರೆ.

ಸೌಮ್ಯ ಉಗ್ರಗಳೆರಡೂ ಒಂದೆಡೆ ಕೂಡಿದ್ದು ಪರಮಾಣುವಿನಲ್ಲಿ. ಬರ್ನೂಲಿಯ ಊರಾದ ಬಾಸೆಲ್ಲಿನಲ್ಲಿಯೇ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯನೊಬ್ಬನಿದ್ದ, ಹೆಸರು ಬಾಲ್ಮರ್. 1885ರಲ್ಲಿ, ತನ್ನ ಅರವತ್ತನೆಯ ವಯಸ್ಸಿನಲ್ಲಿ, ಜಲಜನಕದ ಬೆಳಕಿನಲ್ಲಿ ಕಾಣುವ ನಾಲ್ಕು ಬಣ್ಣದ ರೇಖೆಗಳನ್ನು ಒಂದೇ ಸರಳ ಸೂತ್ರಕ್ಕೆ ಅವನು ಅಳವಡಿಸಿದ. ಆ ಸೂತ್ರ ಏಕೆ ಹಾಗಿದೆಯೆಂದು ಯಾರಿಗೂ ತಿಳಿಯದು. 1926ರ ಜನವರಿಯಲ್ಲಿ ಜ್ಯೂರಿಕ್ಕಿನ ಪ್ರಾಧ್ಯಾಪಕ ಶ್ರೋಡಿಂಗರ್ ಜಲಜನಕದ ಪರಮಾಣುವಿಗೆ ದ್ವಿತೀಯ ದರ್ಜೆಯ ರೇಖೀಯ ಸಮೀಕರಣವನ್ನು ಬರೆದ. ಅದನ್ನು ಬಿಡಿಸುವಲ್ಲಿ ಗಣಿತಜ್ಞ ವೈಲ್‌ನ ನೆರವು ಪಡೆದದ್ದನ್ನು ಲೇಖನದಲ್ಲಿಯೇ ನೆನೆದಿದ್ದಾನೆ. ಆ ಸಮೀಕರಣಕ್ಕೆ ಪರಮಾಣುವಿನ ನಡುವಣ ಬೀಜದಲ್ಲಿ ಒಂದು ಸೌಮ್ಯ ಬಿಂದು, ಅನಂತದಲ್ಲಿ ಒಂದು ಉಗ್ರ ಬಿಂದು. ಉತ್ತರವು ಎರಡೂ ಕಡೆ ಹದ್ದುಮೀರಬಾರದೆಂದು ಕೇಳಿದ್ದೇ ತಡ, ಬಂಧನದಲ್ಲಿರುವ ಎಲೆಕ್ಟ್ರಾನಿಗೆ ಕೆಲವೇ ನಿರ್ದಿಷ್ಟ ಶಕ್ತಿಗಳು ಸಾಧ್ಯವಾದವು. ಅವುಗಳ ಅಂತರದಿಂದ ಹೊರಬಂದದ್ದು ಬಾಲ್ಮರನ ಸೂತ್ರವೇ. ಸರಪಣಿಯ ತುದಿಗೆ ಬರ್ನೂಲಿ ವಿಧಿಸಿದ್ದ ಕಟ್ಟೇ ಇಲ್ಲಿ ನಕ್ಷತ್ರಗಳ ಬೆಳಕಿನ ಬಣ್ಣವನ್ನು ತಿಳಿಸಿತು. ಬಾಲ್ಮರ್ ಅದನ್ನು ಕಾಣಲು ಉಳಿದಿರಲಿಲ್ಲ, 1898ರಲ್ಲಿಯೇ ತೀರಿಕೊಂಡಿದ್ದ.

ಆಯ್ಲರನ ಚರ್ಮವಾದ್ಯದ ಎಳೆಯೊಂದು ನಮ್ಮ ಬೆಂಗಳೂರಿನವರೆಗೂ ಬಂದಿದೆ. ಒಂದೇ ಹದದ ಬರಿಯ ಚರ್ಮದ ಸ್ವರಗಳು ಮೂಲಸ್ವರಕ್ಕೆ 1.59, 2.14, 2.30 ಎಂಬಂಥ ಒಡಕು ಪ್ರಮಾಣದಲ್ಲಿರುತ್ತವೆ. ಆದ್ದರಿಂದಲೇ ಸಾಧಾರಣ ನಗಾರಿಗೆ ಸದ್ದಿದೆ, ಶ್ರುತಿಯಿಲ್ಲ. ಮೃದಂಗಕ್ಕೆ ಶ್ರುತಿ ಬಂದದ್ದು ಹೇಗೆ? ಸರ್ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ 1920ರಲ್ಲಿ ಎತ್ತಿಕೊಂಡ ಈ ಪ್ರಶ್ನೆಗೆ ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿವರವಾದ ಉತ್ತರ ಕೊಟ್ಟರು. ಬಲಮುಚ್ಚಳದ ನಡುವೆ ಪದರಪದರವಾಗಿ ಹಚ್ಚುವ ಕಪ್ಪು ಲೇಪವು ಆ ಕಂಪನಗಳನ್ನು ತಿದ್ದಿ, ಒಂಬತ್ತು ಬಗೆಯ ಮಿಡಿತಗಳನ್ನು 1, 2, 3, 4, 5 ಎಂಬ ಐದು ಸುಸ್ವರಗಳಾಗಿ ಹೊಂದಿಸುತ್ತದೆ ಎಂದು ಅವರು ತೋರಿಸಿದರು. ಬೆಸೆಲನ ಹೆಸರನ್ನು ಕೇಳದ ನಮ್ಮ ವಾದ್ಯಗಾರರು ಕೈಯ ಅನುಭವದಿಂದ, ಕಿವಿಯ ಸಾಕ್ಷಿಯಿಂದ, ತಿದ್ದಬೇಕಾದ ಎಡೆ ನಟ್ಟನಡುವೆಂದು ಅರಿತಿದ್ದರು.

ನಿಯಮ ಸಲೀಸಾಗಿ ನಡೆಯುವ ಕಡೆ ಎಲ್ಲ ಸಮೀಕರಣಗಳೂ ಹೆಚ್ಚುಕಡಮೆ ಒಂದೇ ಬಗೆ. ನಿಯಮ ಮುರಿಯುವ ಎಡೆಯಲ್ಲಿ ಒಂದೊಂದರ ಸ್ವಭಾವ ತಿಳಿಯುತ್ತದೆ. ಇದನ್ನು ಕಂಡವರಲ್ಲಿ ಎಷ್ಟೋ ಜನ ದಿನಕ್ಕೆ ಐದಾರು ಪಾಠಗಳ ನಡುವೆ ಹೊತ್ತು ಉಳಿಸಿಕೊಂಡ ಉಪಾಧ್ಯಾಯರು. ಅವರು ಬರೆದದ್ದನ್ನು, ಓದುವವರು ಯಾರಿದ್ದಾರೆ ಎಂದು ಕೇಳದೆ, ಒಂದು ಶಾಲೆ ಅಚ್ಚುಮಾಡಿತು.

ಈಗಲೂ ಹಬ್ಬದ ದಿನ ಉಯ್ಯಾಲೆಯ ಮಣೆ ಕಳಚಿದಾಗ ಮೊಮ್ಮಗಳು ಸರಪಣಿಯನ್ನು ಅಲ್ಲಾಡಿಸಿ, “ತಾತ, ಕೊನೆಯದು ಮಾತ್ರ ಯಾಕೆ ಹೀಗೆ ಕುಣಿಯುತ್ತೆ?” ಎಂದು ಕೇಳುತ್ತಾಳೆ. ಅದರ ಮೇಲೆ ಯಾವ ಭಾರವೂ ಇಲ್ಲ ಮಗು, ಎನ್ನುತ್ತೇನೆ. ಉಳಿದ ಹನ್ನೊಂದು ಪುಟಗಳನ್ನು ಅವಳಿಗೆ ಓದಿ ಹೇಳಲು ಆ ಲೇಖನ ನನ್ನ ಬಳಿ ಇಲ್ಲ. ನೆನಪಿನಲ್ಲಿ ಉಳಿದಷ್ಟನ್ನು ಇಂದು ನಿಮಗೆ ಒಪ್ಪಿಸಿದ್ದೇನೆ.